ತಿರುವಿನ ಹೊರ ಅಂಚು

ಜೀಪಿನ ಸದ್ದು ಕೇಳಿದ್ದೇ ತಡ, ರೋಲರ್ ಡ್ರೈವರು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ. ಮೇಲೆ ಬಿಸಿಲು, ಕೆಳಗೆ ಆಗ ತಾನೇ ಹಾಸಿದ ಡಾಂಬರಿನ ಹಬೆ.

"ಏನ್ ಯಜಮಾನ್ರೇ, ಹೆಣ್ಣು ನೋಡೋಕ್ ಹೊರಟ್ರಾ?" ಎಂದು ಮೇಸ್ತ್ರಿ ಕೆಳಗಿನಿಂದ ಕೂಗಿದ.

"ಸುಮ್ನೆ ಕೆಲ್ಸ ನೋಡಯ್ಯ. ಇಂಜಿನಿಯರ್ ಬರ್ತಿದಾರೆ."

"ಇಂಜಿನಿಯರ್ ಅಂತೆ! ಮಗಳು ಅನ್ನಿ. ಬೆಳಗ್ಗಿಂದ ಎಲ್ರಿಗೂ ಹೇಳ್ಕೊಂಡ್ ಬಂದಿದೀರಿ, ಈಗ್ಯಾಕ್ ಬಿಂಕ?"

ಸುಳ್ಳೇನಲ್ಲ. ನೀರಿನ ಟ್ಯಾಂಕರಿನವನಿಗೂ ಹೇಳಿದ್ದ, ದಾರಿ ಕೇಳಲು ನಿಂತ ಅಪರಿಚಿತನಿಗೂ ಹೇಳಿದ್ದ. ಈ ತಿರುವು ಅವನ ಮಗಳದು. ಇಳಿಜಾರಿನಲ್ಲಿ ಬಂದ ಗಾಡಿಗಳು ಇಲ್ಲಿ ತಿರುಗಲಾರದೆ ಹೊರಕ್ಕೆ ಜಾರಿ, ಆಚೆ ಬದಿಯ ಅಜ್ಜಿಯ ಮನೆಯ ಕಾಂಪೌಂಡಿಗೆ ನುಗ್ಗುತ್ತಿದ್ದವು. ಮತ್ತೆ ಮತ್ತೆ ಕಟ್ಟಿಸಿ ಆ ಗೋಡೆಯಲ್ಲಿ ಒಂದೊಂದು ಕಡೆ ಒಂದೊಂದು ಬಣ್ಣದ ಇಟ್ಟಿಗೆ. ಕಚೇರಿಯವರು ಈ ತಿರುವನ್ನು ಸರಿಪಡಿಸುವ ಕೆಲಸವನ್ನು ಹೊಸದಾಗಿ ಸೇರಿದ ಈ ಹುಡುಗಿಗೆ ಒಪ್ಪಿಸಿದ್ದರು.

ಮಗಳಿಗೆ ಮಾತೆಂದರೆ ಮೈಮೇಲೆ ಮುಳ್ಳು. ಅಂಗಡಿಯಲ್ಲಿ ಸೋಪು ಕೇಳಬೇಕಾದರೂ ಅಪ್ಪನ ಮುಖ ನೋಡುವವಳು. ಆದರೆ ರಸ್ತೆಯ ವಿಷಯ ಬಂದರೆ ಅದೆಲ್ಲಿಂದ ಬರುತ್ತಿತ್ತೋ ನಾಲಿಗೆ. ಒಂದು ದಿನ ಊಟಕ್ಕೆ ಕೂತಾಗ ಖಾಲಿ ತಟ್ಟೆಯನ್ನು ಓರೆಯಾಗಿ ಹಿಡಿದು ಅಮ್ಮನಿಗೆ ವಿವರಿಸಿದ್ದಳು: "ಸೈಕಲ್ನವನು ತಿರುಗೋವಾಗ ಒಳಗಡೆಗೆ ವಾಲ್ತಾನಲ್ವಾ ಅಮ್ಮ? ಲಾರಿಗೆ ಹಾಗೆ ವಾಲೋಕ್ ಬರಲ್ಲ. ಅದಕ್ಕೇ ರಸ್ತೇನೇ ವಾಲ್ಬೇಕು. ಹೊರಗಡೆ ಅಂಚು ಮೇಲೆ, ಒಳಗಡೆ ಅಂಚು ಕೆಳಗೆ. ನೇರ ರಸ್ತೇಲಿ ಬರ್ತಾ ಬರ್ತಾನೇ ನಿಧಾನಕ್ಕೆ ಏರ್ಬೇಕು, ಕೂತವ್ರಿಗೆ ಗೊತ್ತೂ ಆಗ್ಬಾರ್ದು." ಅಮ್ಮ "ಮೊದ್ಲು ತಟ್ಟೆ ಕೆಳಗಿಡು" ಎಂದಿದ್ದಳು. ಅಪ್ಪ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೇಳಿದ್ದ. ಈ ಕೆಲಸ ಬೇರೆ ರೋಲರಿನವನಿಗೆ ಹೋಗದ ಹಾಗೆ ಆಮೇಲೆ ಅವನು ಯಾರ್ಯಾರ ಬೆನ್ನು ಬಿದ್ದನೋ, ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಜೀಪಿನಿಂದ ಇಳಿದವಳು ತಲೆಗೆ ಹಳದಿ ಹೆಲ್ಮೆಟ್ಟು ಹಾಕಿದ್ದಳು. ಅಪ್ಪನ ಕಡೆ ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ಮೊದಲು ತಿರುವಿನ ಒಳಬದಿಗೆ ಹೋದಳು. ಅಲ್ಲಿನ ಪೊದೆಗಳನ್ನು ಅವಳೇ ಕಡಿಸಿದ್ದಳು, ಎದುರು ಬರುವ ಗಾಡಿ ಬೇಗ ಕಾಣಲೆಂದು. ಕಾರಿನವನ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಬಗ್ಗಿ ನಿಂತು ತಿರುವಿನಾಚೆ ನೋಡಿದಳು.

"ಬಗ್ಗಿ ಏನ್ ಹುಡುಕ್ತಿದೀಯಮ್ಮಾ?" ಗೋಡೆಯ ಹಿಂದಿನಿಂದ ಅಜ್ಜಿ ಕೇಳಿದಳು. "ಈ ಸಲಾನೂ ನನ್ ಗೋಡೆ ಬಿದ್ರೆ, ನಿಮ್ಮಪ್ಪನ ರೋಲರ್ನೇ ತಂದು ಅಡ್ಡ ನಿಲ್ಸು."

ಮಗಳು ನಕ್ಕಳು. ಆಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಮತ್ತು ಓರೆ ಅಳೆಯುವ ರಸಮಟ್ಟ ಹಿಡಿದು ಡಾಂಬರಿನ ಮೇಲೆ ಬಂದಳು.

ಅವಳ ಕೈಯ ಪಟ್ಟಿ ಕಂಡು ರೋಲರಿನವನಿಗೆ ಅಳುಕು ಹುಟ್ಟಿತು. ಯಾಕೆಂದು ಅವನಿಗೆ ಗೊತ್ತಿತ್ತು. ಓರೆ ರಸ್ತೆಯಲ್ಲಿ ರೋಲರು ತಗ್ಗಿನ ಅಂಚಿನಿಂದ ಶುರುಮಾಡಿ ಒಂದೊಂದೇ ಪಟ್ಟೆ ಮೇಲಕ್ಕೆ ಸರಿಯಬೇಕು. ಕೆಳಗಿನದು ಗಟ್ಟಿಯಾಗಿ ಕೂತರೆ ಮೇಲಿನ ಬಿಸಿ ಡಾಂಬರಿಗೆ ಆಸರೆ. ಮೇಲಿನಿಂದ ಶುರುಮಾಡಿದರೆ ಅದು ಕೆಳಕ್ಕೆ ಜರುಗುತ್ತದೆ. ರೋಲರು ಕಲಿತ ವಾರದಲ್ಲೇ ಎಲ್ಲರೂ ಕಲಿಯುವ ಪಾಠ. ಆದರೆ ಇಂದು ಜೀಪು ಹೊರ ಅಂಚಿನ ಬದಿಗೇ ಬಂದು ನಿಲ್ಲುವುದಿತ್ತು. ಮಗಳು ಇಳಿದ ಕೂಡಲೇ ಕಾಣುವ ಕಡೆ ಕನ್ನಡಿಯ ಹಾಗೆ ಮಿಂಚಲಿ ಎಂದು, ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡು, ಮೇಲಿನ ಅಂಚನ್ನೇ ಮೊದಲು ಉರುಳಿಸಿಬಿಟ್ಟಿದ್ದ.

ಅವಳು ಪಟ್ಟಿ ಇಟ್ಟಳು. ರಸಮಟ್ಟ ನೋಡಿದಳು. ಎತ್ತಿ, ನಾಲ್ಕು ಹೆಜ್ಜೆ ಆಚೆ ಇಟ್ಟು ಮತ್ತೆ ನೋಡಿದಳು. ಮೂರನೆಯ ಕಡೆ ಇಟ್ಟಾಗ ಮಂಡಿಯೂರಿ ಕೂತವಳು ಏಳಲೇ ಇಲ್ಲ. ಅವಳ ಬೆನ್ನು ನೋಡಿಯೇ ಅವನಿಗೆ ತಿಳಿಯಿತು: ಹೊರ ಅಂಚು ಕುಸಿದಿದೆ.

ಇಷ್ಟು ವರ್ಷದಲ್ಲಿ ಅವನು ಉರುಳಿಸಿದ ರಸ್ತೆಯನ್ನು ಕಿತ್ತು ಹಾಕು ಎಂದವರಿಲ್ಲ. ಹೋದಲ್ಲೆಲ್ಲ ಅವನು ಹೇಳಿಕೊಂಡು ತಿರುಗುತ್ತಿದ್ದ ಮಾತು ಅದು. ಹೆಂಡತಿಗಂತೂ ಕೇಳಿ ಕೇಳಿ ಸಾಕಾಗಿತ್ತು. ಮಗಳು ಇದನ್ನು ಬಿಟ್ಟುಬಿಡಲಿ ಎಂದಿತು ಒಂದು ಮನಸ್ಸು. ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ಇನ್ನೊಂದು ಮನಸ್ಸು ಹೆದರಿತು.

ಮೇಸ್ತ್ರಿ ಅವಳ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ. "ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ ಮೇಡಂ. ಕಣ್ಣಿಗೆ ಕಾಣಲ್ಲ. ನಿಮ್ಮಪ್ಪಾಜಿ ಕೈಯಾರೆ ಮಾಡಿರೋ ಕೆಲ್ಸ ಬೇರೆ... ಯಾರ್ ಕೇಳ್ತಾರೆ?"

ಮಗಳ ತುಟಿ ಅಲುಗಿತು. ರೋಲರಿನ ಗಡಗಡ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

"ಏನಂದ್ರಿ?" ಮೇಸ್ತ್ರಿ ಕಿವಿಗೆ ಕೈಯಿಟ್ಟ.

ಅವಳು ಮತ್ತೆ ಏನೋ ಅಂದಳು. ಮೇಸ್ತ್ರಿ ನಗುತ್ತಾ ತಲೆಯಾಡಿಸಿ ಎದ್ದು, ಆಳುಗಳತ್ತ ತಿರುಗಿ "ಹೂಂ, ನಡೀರಿ ಮುಂದಕ್ಕೆ" ಎಂದ. ಆಳುಗಳು ಸಲಿಕೆ ಎತ್ತಿಕೊಂಡರು. ಅವಳು ಅಪ್ಪನ ಕಡೆ ನೋಡಿದಳು. ಅಂಗಡಿಯ ಮುಂದೆ ನೋಡುತ್ತಿದ್ದಳಲ್ಲ, ಅದೇ ನೋಟ.

ಅವನ ಬಾಯಿಯ ತನಕ ಮಾತು ಬಂದಿತ್ತು. ಒಂದು ಗದರಿಕೆ ಹಾಕಿದರೆ ಮೇಸ್ತ್ರಿ ಅಲ್ಲೇ ನಿಲ್ಲುತ್ತಿದ್ದ. ಅವನು ಬಾಯಿ ಮುಚ್ಚಿಕೊಂಡ. ಕೈ ಚಾಚಿ ಇಂಜಿನ್ ಆರಿಸಿದ.

ರೋಲರು ಒಮ್ಮೆ ನಡುಗಿ ಸುಮ್ಮನಾಯಿತು. ಉರುಳೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಆಳುಗಳು ತಿರುಗಿ ನೋಡಿದರು. ಅಜ್ಜಿಯೂ ಗೋಡೆಗೆ ಇನ್ನಷ್ಟು ಒರಗಿದಳು.

ಮಗಳು ಎದ್ದು ನಿಂತಳು. ಮಂಡಿಯ ಮೇಲೆ ಡಾಂಬರಿನ ಕಪ್ಪು.

"ಇದನ್ನ ಕೀಳ್ಬೇಕು" ಎಂದಳು. ದನಿ ಚಿಕ್ಕದೇ, ಆದರೆ ಆ ತಿರುವಿಗೆಲ್ಲ ಸಾಕಾಯಿತು. "ಈ ಕಂಬದಿಂದ ಆ ಗೇಟಿನ ತನಕ. ಹೊರಗಡೆ ಅಂಚು ತಗ್ಗಾಗಿದೆ. ಹೀಗೇ ಬಿಟ್ರೆ ಗಾಡಿ ಜಾರೋದು ಜಾರುತ್ತೆ." ಒಂದು ಕ್ಷಣ ತಡೆದು, ರೋಲರಿನ ಮೇಲಿದ್ದವನನ್ನು ನೋಡಿ ಸೇರಿಸಿದಳು: "ಕೆಳಗಡೆಯಿಂದ ಹತ್ತಬೇಕಿತ್ತು ಅಪ್ಪ."

ಎಲ್ಲರ ಕಣ್ಣೂ ರೋಲರಿನ ಮೇಲೆ. ಅವನು ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡ.

"ಹೌದು" ಎಂದ. "ಮೇಲಿನಿಂದ ಬಂದೆ. ತಪ್ಪು ನಂದೇ."

ಆಮೇಲೆ ಮೇಸ್ತ್ರಿಯತ್ತ ತಿರುಗಿ ಗದರಿದ:

"ಇನ್ನೂ ಏನ್ ಮುಖ ನೋಡ್ತೀಯ? ಆರಿ ಕಲ್ಲಾಗೋ ಮುಂಚೆ ಪಿಕಾಸಿ ಹಾಕ್ಸಯ್ಯ!"

ಕಿತ್ತು, ಹೊಸದಾಗಿ ಹಾಸಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಈ ಸಲ ರೋಲರು ಒಳಗಿನ ತಗ್ಗಿನಿಂದ ಶುರುವಾಯಿತು. ಹೋಗಿ, ಬಂದು, ಅಂಗೈಯಷ್ಟು ಮೇಲಕ್ಕೆ ಸರಿದು ಮತ್ತೆ ಹೋಗಿ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ಅವನು ಕತ್ತು ಹೊರಚಾಚಿ ಅಂಚು ನೋಡುತ್ತಿದ್ದ. ಕೊನೆಯ ಪಟ್ಟೆ ಮುಗಿದಾಗ ಮಗಳು ರಸಮಟ್ಟ ಇಟ್ಟು, ಜಾಗ ಬದಲಿಸಿ ಇಟ್ಟು, ಮತ್ತೊಮ್ಮೆ ಇಟ್ಟು ನೋಡಿದಳು. ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಜೀಪಿನತ್ತ ನಡೆದಳು, ಅಷ್ಟೆ.

"ಅಪ್ಪನ್ನೇ ಬಿಡದವಳು ಲಾರಿಯವ್ರನ್ನ ಬಿಡ್ತಾಳಾ?" ಎಂದಳು ಅಜ್ಜಿ, ಗೋಡೆಗೋ ಆಳುಗಳಿಗೋ.

ಮನೆ ಮುಟ್ಟಿ ಕೈಕಾಲು ತೊಳೆದದ್ದೇ, ಅವನು ಹೊರಗಿನ ಮೆಟ್ಟಿಲ ಮೇಲೆ ಕೂತು ಹಳೆಯ ಜೊತೆಗಾರನಿಗೆ ಫೋನು ಹಚ್ಚಿದ. ಈಗ ಬೇರೆ ಊರಿನಲ್ಲಿರುವ ಆತನೂ ರೋಲರಿನವನೇ.

"ಇವತ್ತು ನನ್ ಕೆಲ್ಸ ಕಿತ್ತಾಕ್ಸಿದ್ರು ಕಣೋ! ... ನಂದೇ! ... ಕಂಬದಿಂದ ಗೇಟಿನ ತನಕ! ... ಯಾರು ಅಂದ್ರೆ? ಊಹಿಸು ನೋಡಣ!"

"ಬೀದಿಗೆಲ್ಲ ಕೇಳೋ ಹಾಗೆ ಮಾನ ಹರಾಜು ಹಾಕ್ಕೋತಿದಾರೆ ನೋಡು" ಎಂದು ಒಳಗಿನಿಂದ ಹೆಂಡತಿ ಗೊಣಗಿದಳು. "ಹೋಗೇ, ಆ ಕಿಟಕಿ ಹಾಕು."

ಮಗಳು ಕಿಟಕಿಗೆ ಬಂದಳು. ಮುಖ ಕೆಂಪಾಗಿತ್ತು. ಒಂದು ಬಾಗಿಲನ್ನು ಎಳೆದು ಚಿಲಕ ಹಾಕಿದಳು. ಇನ್ನೊಂದನ್ನು ಅರ್ಧಕ್ಕೆ ಎಳೆದು, ಅಪ್ಪನ ಬೆನ್ನನ್ನು ಒಂದು ಗಳಿಗೆ ನೋಡಿ, ಹಾಗೇ ಬಿಟ್ಟು ಒಳಗೆ ಹೋದಳು.