ಕದ್ದ ಗಿಟಾರು

"ಲೋಹ ಇಡೋ ಹಾಗಿಲ್ಲ ಅಮ್ಮಾವ್ರೆ," ಎನ್ನುತ್ತ ಅಂತ್ಯಕ್ರಿಯೆ ಭವನದ ನೌಕರ ಶವಪೆಟ್ಟಿಗೆಯೊಳಗಿನ ಹೊದಿಕೆ ಸರಿಸಿದ. "ಸುಡೋವಾಗ ತೊಂದ್ರೆ ಆಗುತ್ತೆ. ಕನ್ನಡಕಾನೂ ತೆಗೆಸ್ತೀವಿ. ಇದು... ಇದೇನು?"

ಸೇವಂತಿಗೆಗಳ ಅಡಿಯಿಂದ ಅವನು ಎರಡೂ ಕೈ ಹಾಕಿ ಎತ್ತಿದ್ದು ಅಲ್ಯೂಮಿನಿಯಂ ಮೈಯ ಎಲೆಕ್ಟ್ರಿಕ್ ಗಿಟಾರು. ನಲವತ್ತು ವರ್ಷ ಬೀರುವಿನ ಹಿಂದೆ ಕಂಬಳಿ ಸುತ್ತಿಕೊಂಡು ಬಿದ್ದಿದ್ದ ಕದ್ದ ಮಾಲು. ಕದ್ದವನ ಜೊತೆಗೇ ಸುಟ್ಟುಹೋಗಲಿ ಎಂದು ಬೆಳಿಗ್ಗೆ ಯಾರೂ ಇಲ್ಲದಾಗ ಫುಸಾಕೊ ತಾನೇ ತುರುಕಿದ್ದಳು. ಬದುಕಿದ್ದಾಗ ಒಬ್ಬರಿಗೂ ಎದುರಾಡದ ಗಂಡ ತೆಯ್ಜಿ, ಸತ್ತ ಮೇಲೆ ತನ್ನ ಕಳ್ಳತನವನ್ನೂ ಮುಚ್ಚಿಕೊಳ್ಳಲಾರದೆ ಹೋದ.

ನೌಕರ ಅದನ್ನು ಇಡಬಾರದ ಜಾಗದಲ್ಲೇ ಇಟ್ಟ: ಮುಂದಿನ ಸಾಲಿನಲ್ಲಿ, ನಾಯ್ತೊ ಸಾಹೇಬರ ಪಕ್ಕದ ಕುರ್ಚಿಯ ಮೇಲೆ.

ಎಂಬತ್ತಾರರ ನಾಯ್ತೊ ಒಂದು ಕಾಲಕ್ಕೆ ಹಮಾಮಾತ್ಸು ಊರಿನ ಗಿಟಾರು ಕಾರ್ಖಾನೆಯಲ್ಲಿ ತೆಯ್ಜಿಯ ಮೇಲಧಿಕಾರಿ. ಜೊತೆಗೆ ಉಕಾಯ್ ಎಂಬ, ಹಳೇ ಗಿಟಾರುಗಳ ಟೋಕಿಯೋ ಸಂಗ್ರಾಹಕನನ್ನು ಕರೆತಂದಿದ್ದರು. ಆತ ತೆಯ್ಜಿಯ ಮುಖ ಕಂಡವನೇ ಅಲ್ಲ. ಮಂತ್ರ ಓದಿದ ಭಿಕ್ಷು ಜಪಮಣಿ ಎತ್ತಿಡುವ ಮೊದಲೇ ಉಕಾಯ್ ಜೇಬಿನಿಂದ ಬಿಳಿಯ ಕೈಗವಸು ತೆಗೆದು ಹಾಕಿಕೊಂಡ.

"ಮೊದಲ ವರ್ಷದ್ದು! ಮೇಡಂ, ಇದಕ್ಕೆ ಈಗ ಜನ ಪ್ರಾಣ ಬಿಡ್ತಾರೆ."

"ಬಿಟ್ಟವರು ಆ ಪೆಟ್ಟಿಗೇಲಿದ್ದಾರೆ," ಎಂದಳು ಫುಸಾಕೊ.

ನಾಯ್ತೊ ದನಿ ತಗ್ಗಿಸಿದರು, ಆದರೂ ಎಲ್ಲರಿಗೂ ಕೇಳುವಷ್ಟು. "ಇದು ಕಂಪನಿದು ಕಣಮ್ಮ. ಆಗ್ಲೇ ಲೆಕ್ಕದಲ್ಲಿ ಒಂದು ಕಮ್ಮಿ ಬಂದಿತ್ತು. ಪಾಪದವ್ನು ಅಂತ ನಾನೇ ಸುಮ್ನಿದ್ದೆ. ಇಂಥ ದಿನ ಹೇಳಬಾರದು..."

"ಹೇಳಿಯಾಯ್ತಲ್ಲ ಸಾಹೇಬ್ರೆ."

ನೆಂಟರು ನೆಲ ನೋಡಿದರು. ಮಗಳು ಚಿನಾಮಿ ಕಿವಿಯವರೆಗೂ ಕೆಂಪಾದಳು. ಫುಸಾಕೊಗೆ ಸಿಟ್ಟು ಬಂದದ್ದು ನಾಯ್ತೊ ಮೇಲಲ್ಲ, ಪೆಟ್ಟಿಗೆಯೊಳಗೆ ಆರಾಮಾಗಿ ಮಲಗಿದವನ ಮೇಲೆ.

*

ಆ ಮಾದರಿ ಮೊದಲು ತಯಾರಾದ ಚಳಿಗಾಲದಲ್ಲಿ ಫುಸಾಕೊ ಒಮ್ಮೆ ಬುತ್ತಿ ಕೊಡಲು ಕಾರ್ಖಾನೆಗೆ ಹೋಗಿದ್ದಳು. ತೆಯ್ಜಿ ಓಣಿಯಂಥ ಹಾದಿಯಲ್ಲಿ ಸ್ಟೂಲಿನ ಮೇಲೆ, ಅಂಗಿ ಬಿಚ್ಚಿ, ಗಿಟಾರನ್ನು ಬರಿ ಹೊಟ್ಟೆಗೆ ಅವುಚಿಕೊಂಡು ಕೂತಿದ್ದ. ಗಿಟಾರು ನುಡಿಸಿ ನೋಡಲು ಬಂದ ವಾದಕನೊಬ್ಬ ಲೋಹ ಮಂಜುಗಡ್ಡೆ ಹಾಗಿದೆ ಎಂದು ಮುನಿದಿದ್ದನಂತೆ.

"ಇನ್ನೈದು ನಿಮಿಷ ಕಾವು ಕೊಡೋ, ಕೋಳಿ," ಎಂದು ನಾಯ್ತೊ ಬಾಗಿಲಿಂದ ಕೂಗಿದರು. ಆಫೀಸಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೆಂಡತಿಯನ್ನು ಕಂಡು ತೆಯ್ಜಿಯೂ ನಕ್ಕ. ಆ ನಗುವನ್ನು ಅವಳು ಕ್ಷಮಿಸಲಿಲ್ಲ.

ಎರಡೇ ವರ್ಷಕ್ಕೆ ಮಾದರಿ ನಿಂತಿತು. ಅಂಗಡಿಯವರು ಅದನ್ನು ಬಾಣಲೆ ಎಂದು ಹಂಗಿಸುತ್ತಿದ್ದರು. ಉಳಿದ ಮೈಗಳನ್ನೆಲ್ಲ ಕುಲುಮೆಗೆ ಹಾಕುವ ಕೆಲಸ, ಅವುಗಳನ್ನು ಎರಕ ಹೊಯ್ದ ತೆಯ್ಜಿಯ ಪಾಲಿಗೇ ಬಂತು. ಒಂದನ್ನು ತನಗೆ ಕೊಡಿ ಎಂದು ಕೇಳಿದನಂತೆ. "ನಿಂಗ್ಯಾಕೋ? ತಂತಿ ಎಣಿಸೋಕೂ ಬರಲ್ಲ," ಎಂದಿದ್ದರು ನಾಯ್ತೊ. ಆ ಶರತ್ಕಾಲದಲ್ಲಿ ಕಂಬಳಿ ಸುತ್ತಿದ ಗಿಟಾರು ಮನೆಯಲ್ಲಿ ಕಾಣಿಸಿತು.

"ಎಲ್ಲಿಂದ ಬಂತು?"

"ಇರಲಿ ಬಿಡೇ."

ಅಷ್ಟೇ. ಅಂದಿನಿಂದ ಓಣಿಯಲ್ಲಿ ಪೊಲೀಸನ ಸೈಕಲ್ ಬಂದರೆ ಅವಳ ಎದೆ ಹಾರುತ್ತಿತ್ತು. ಅಂದಿನಿಂದಲೇ ಅವನಿಗೆ ಬೆನ್ನು ಹಾಕಿ ಮಲಗುವುದು ಅಭ್ಯಾಸವಾಯಿತು.

*

ಸುಡುಗಾಡಿನ ಕಾಯುವ ಕೋಣೆಯಲ್ಲಿ ಕಿತ್ತಳೆ ಹಣ್ಣಿನ ತಟ್ಟೆಯನ್ನು ಅತ್ತ ದೂಡಿ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ್ದರು. ಗೋಡೆಯಾಚೆ ತೆಯ್ಜಿ ಉರಿಯುತ್ತಿದ್ದ. ಈಚೆ ನಾಯ್ತೊ, ಲೋಹದ ಮೈ ಮಾಡೋಣವೆಂದು ತಾನೊಬ್ಬನೇ ಹೇಗೆ ಹಟ ಹಿಡಿದೆನೆಂದು ಬಣ್ಣಿಸುತ್ತಿದ್ದರು.

"ಕೊಟ್ಟು ಕಳಿಸಮ್ಮ," ಎಂದಳು ಚಿನಾಮಿ ಮೆಲ್ಲಗೆ. "ಹೋದ ಮಾನ ಸಾಕು."

ಉಕಾಯ್ ಗಿಟಾರನ್ನು ಎತ್ತಿ ಹುಬ್ಬು ಗಂಟಿಕ್ಕಿದ. "ಭಾರ ಜಾಸ್ತಿ ಇದೆ." ಪುಟ್ಟ ತಿರುಪುಳಿಯಿಂದ ಬೆನ್ನಿನ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ. ಮುಖ ಹುಳ್ಳಗಾಯಿತು.

"ಇದು ನಕಲಿ."

"ಏನಂದ್ರಿ?" ಎಂದಳು ಫುಸಾಕೊ.

"ಕಾರ್ಖಾನೆದು ಉಕ್ಕಿನ ಅಚ್ಚಲ್ಲಿ ಮಾಡಿದ್ದು ಮೇಡಂ, ಒಳಗೂ ನುಣ್ಣಗಿರುತ್ತೆ. ಇದು ಮರಳಿನ ಅಚ್ಚಲ್ಲಿ ಹೊಯ್ದದ್ದು. ನೋಡಿ, ಎಷ್ಟು ತರಿತರಿ. ಯಾರೋ ಮನೇಲೇ ಮಾಡ್ಕೊಂಡಿದ್ದಾರೆ, ಪಾತ್ರೆಗೀತ್ರೆ ಕರಗಿಸಿ." ಕೈಗವಸು ಕಿತ್ತು ಜೇಬಿಗೆ ತುರುಕಿಕೊಂಡ.

ಪಾತ್ರೆ. ಗಿಟಾರು ಮನೆಗೆ ಬರುವ ಮುಂಚಿನ ಬೇಸಿಗೆಯಲ್ಲಿ ಅವಳ ಸೋಯಾ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಹಬೆಪಾತ್ರೆ, ಎರಡು ಬೋಗುಣಿ ಒಂದೊಂದಾಗಿ ಕಾಣೆಯಾಗಿದ್ದವು. ತೂತಾಗಿದ್ದವು, ಗುಜರಿಗೆ ಹಾಕಿದೆ ಎಂದಿದ್ದ ತೆಯ್ಜಿ. ಮೂರು ದಿನ ಬೈದಿದ್ದಳು. ಹಿತ್ತಲಿನ ಪರ್ಸಿಮನ್ ಮರದ ಒಂದು ಮಗ್ಗುಲಿನ ಎಲೆಯೆಲ್ಲ ಸೀದದ್ದಕ್ಕೂ ಬೈದಿದ್ದಳು.

"ನಂಗೆ ಆಗ್ಲೇ ಅನುಮಾನ," ಎಂದರು ನಾಯ್ತೊ. "ಅವನ ಕೈಲಿ ಇನ್ನೇನಾಗುತ್ತೆ?"

"ಹಾಗಾದ್ರೆ ಕದ್ದದ್ದಲ್ಲ," ಎಂದಳು ಫುಸಾಕೊ.

"ಅದೇನೋ, ಹಳೇ ಮಾತು..."

"ಜೋರಾಗಿ ಹೇಳಿ ಸಾಹೇಬ್ರೆ. ಅಲ್ಲಿ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರಲ್ಲ."

ನೆಂಟರು ಈಗ ನೆಲ ನೋಡಲಿಲ್ಲ, ನಾಯ್ತೊ ಸಾಹೇಬರ ಮುಖವನ್ನೇ ನೋಡಿದರು. ನಾಯ್ತೊ ಆರಿದ ಚಹಾ ಕುಡಿದರು. "ಕದ್ದದ್ದಲ್ಲ," ಎಂದರು ಲೋಟದೊಳಗೆ.

ಅಸ್ಥಿ ಆಯಲು ಕರೆ ಬಂದಾಗ ಉಕಾಯ್‌ಗೆ ರೈಲಿನ ನೆನಪಾಯಿತು, ನಾಯ್ತೊಗೆ ಮಂಡಿನೋವಿನದು. ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಹೋದರು, ಮೇಜಿನ ಕಡೆ ತಿರುಗಿಯೂ ನೋಡದೆ.

ಒಳಗೆ ತಾಯಿ ಮಗಳು ಉದ್ದನೆಯ ಕಡ್ಡಿಗಳಿಂದ ಒಂದೊಂದೇ ಎಲುಬನ್ನು ಒಟ್ಟಿಗೆ ಹಿಡಿದು ಅಸ್ಥಿ ಇಡುವ ಕರಂಡಕ್ಕೆ ಇಳಿಸಿದರು. "ಒಂದು ಮಾತು ಹೇಳೋಕೇನಾಗಿತ್ತೋ, ಬಾಯಿಸತ್ತವನೇ," ಎಂದಳು ಫುಸಾಕೊ. ಚಿನಾಮಿ ಎಲುಬು ಜಾರದಂತೆ ತನ್ನ ಕಡ್ಡಿ ಬಿಗಿಹಿಡಿದಳು.

ವಾಪಸು ಬರುವ ಬಸ್ಸಿನಲ್ಲಿ ಎರಡು ಸೀಟು ಖಾಲಿಯಿದ್ದವು. ಫುಸಾಕೊ ಕರಂಡವನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದ ಸೀಟಿನಲ್ಲಿ ಗಿಟಾರನ್ನು ನೆಟ್ಟಗೆ ಕೂರಿಸಿದಳು. ಊರಾಚೆಯ ಸರೋವರದ ಕಡೆಯಿಂದ ಇಳಿಬಿಸಿಲು ಕಿಟಕಿಯೊಳಗೆ ನುಗ್ಗಿತು.

"ಅಮ್ಮಾವ್ರೆ, ಅದರ ಮೇಲೊಂದು ಬಟ್ಟೆ ಹಾಕ್ತೀರಾ?" ಎಂದ ಡ್ರೈವರ್. "ಕನ್ನಡೀಲಿ ಹೊಳೆದು ಕಣ್ಣು ಕುಕ್ತಿದೆ."

ಫುಸಾಕೊ ಸೀಟಿನ ಬೆಲ್ಟನ್ನು ಗಿಟಾರಿನ ಹೊಟ್ಟೆಯ ಮೇಲೆ ಎಳೆದು ಬಿಗಿದಳು. ಡ್ರೈವರ್ ಕಪ್ಪು ಕನ್ನಡಕ ಹಾಕಿಕೊಂಡ.