ಕಾರವಾರದ ಬಗ್ಗೆ ಹೇಳದೇ ಉಳಿದದ್ದು

"ಇಲ್ಲೊಂದು ಸಹಿ, ಈ ಕೆಳಗೊಂದು. ಇಬ್ರೂ ಹಾಕ್ಬೇಕು," ಎಂದು ಗುಮಾಸ್ತ ದೊಡ್ಡಪಾಲಯ್ಯ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟ. "ಪರಸ್ಪರ ವರ್ಗಾವಣೆ ಅಂದ್ರೆ ಹೆಣ್ಣು ಕೊಟ್ಟು ಹೆಣ್ಣು ತಗಂಬೋ ಸಂಬಂಧ ಇದ್ದಂಗೆ ಮೇಡಂ. ಒಂದು ಕಡೆಯೋರು ಒಲ್ಲೆ ಅಂದ್ರೆ ಎರಡು ಮದ್ವೇನೂ ನಿಂತ್ಹೋಗ್ತವೆ."

ನಗಬೇಕಾಗಿದ್ದರಿಂದ ನಾಗರತ್ನ ನಕ್ಕಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಸೊಂಟ ಇನ್ನೂ ಸೆಟೆದುಕೊಂಡಿತ್ತು. ಚಳ್ಳಕೆರೆಯ ಶಿಕ್ಷಣ ಕಚೇರಿಯ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಜೂನ್ ಬಂದಿದ್ದರೂ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಗಂಡ ವೀರೇಶ, ಎಣ್ಣೆ ಮಿಲ್ಲಿಗೆ ಅರ್ಧ ದಿನ ರಜೆ ಹೇಳಿ ಬಂದವನು. ಎದುರಿಗೆ ಐಶ್ವರ್ಯ, ಕಾರವಾರದಲ್ಲಿ ಹುಟ್ಟಿ ಬೆಳೆದವಳು, ಏಳು ವರ್ಷದಿಂದ ನಾಯಕನಹಟ್ಟಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಟೀಚರು. ಇವಳು ಕಾರವಾರಕ್ಕೆ ಹೋಗಬೇಕು, ಹನ್ನೆರಡು ವರ್ಷ ಅಲ್ಲಿದ್ದ ನಾಗರತ್ನ ಇಲ್ಲಿಗೆ ಬರಬೇಕು. ಅರ್ಜಿಗೆ ಅಂದೇ ಕೊನೆಯ ದಿನ.

ಐಶ್ವರ್ಯಳನ್ನು ಹುಡುಕಿದವನು ವೀರೇಶ. ಎರಡು ವರ್ಷ ಸಿಕ್ಕಸಿಕ್ಕ ಮೇಷ್ಟ್ರುಗಳನ್ನೆಲ್ಲ ಕೇಳಿ, ಫೋನು ಮಾಡಿ, ಕೊನೆಗೆ ಪತ್ತೆ ಹಚ್ಚಿದ್ದ. ಪತ್ತೆಯಾದ ದಿನ ಅತ್ತೆ ಕಾಟಮ್ಮ ಕೇರಿಗೆಲ್ಲ ಮಂಡಕ್ಕಿ ಸಕ್ಕರೆ ಹಂಚಿದ್ದರು. "ಪಾಪ, ನಮ್ಮ ಸೊಸಿ ಆ ನೀರಿನ ಊರಾಗೆ ಕೊಳೀತಾ ಬಿದ್ದೈತೆ," ಎಂಬುದು ಅವರು ಹನ್ನೆರಡು ವರ್ಷದಿಂದ ಆಡುತ್ತಿದ್ದ ಮಾತು.

ಆ ಮಾತನ್ನು ಅವರ ಬಾಯಿಗೆ ಇಟ್ಟವಳು ನಾಗರತ್ನಳೇ. ಬಟ್ಟೆ ಒಣಗುವುದಿಲ್ಲ, ಗೋಡೆಗೆಲ್ಲ ಬೂಷ್ಟು, ಓಣಿಯಲ್ಲೆಲ್ಲ ಮೀನಿನ ವಾಸನೆ ಎಂದು ವಾರವಾರವೂ ಫೋನಿನಲ್ಲಿ ಹೇಳುತ್ತಿದ್ದಳು. ಕಷ್ಟಪಡುತ್ತಿರುವ ಸೊಸೆಯನ್ನು ಯಾರೂ ದೂರುವುದಿಲ್ಲ ಎಂಬುದು ಅವಳಿಗೆ ಮೊದಲ ವರ್ಷವೇ ತಿಳಿದುಹೋಗಿತ್ತು. ಮಕ್ಕಳಾಗದ್ದಕ್ಕೂ ಕಾಟಮ್ಮ ಬೈದದ್ದು ಕಾರವಾರವನ್ನು, ಸೊಸೆಯನ್ನು ಬೈಯಲಿಲ್ಲ. ರಜೆಗೆ ನಾನೇ ಬರ್ತೀನಿ ಎಂದು ವೀರೇಶ ಹೇಳಿದಾಗಲೆಲ್ಲ ಮಳೆಯ ನೆಪ, ಬಾಡಿಗೆ ಮನೆಯ ಮಾಲೀಕರ ನೆಪ, ಹೇಗೂ ನಾನೇ ಬರ್ತಿದ್ದೀನಲ್ಲ ಎಂಬ ನೆಪ. ಅವನು ಬಂದರೆ ತನ್ನ ಮುಖ ನೋಡಿಯೇ ಎಲ್ಲವನ್ನೂ ತಿಳಿದುಬಿಡುತ್ತಾನೆಂಬ ಅಂಜಿಕೆ. ಮೊಳಕಾಲ್ಮುರಿನ ತವರು ಅಣ್ಣನದು, ಚಳ್ಳಕೆರೆಯ ಮನೆ ಅತ್ತೆಯದು. ಬೀಗದ ಕೈ ಅವಳ ಕೈಯಲ್ಲಿದ್ದದ್ದು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆಗೆ ಹಿಡಿದಿದ್ದ ಮಹಡಿ ಕೋಣೆಯದ್ದೊಂದೇ.

"ಅಕ್ಕಾ, ಒಂದು ಕೇಳ್ತೇನೆ," ಎಂದಳು ಐಶ್ವರ್ಯ. ಪೆನ್ನು ಹಿಡಿದಿದ್ದ ಅವಳ ಬೆರಳುಗಳ ಸಂದಿಯಲ್ಲಿ ಒಣಹವೆಗೆ ಬಿರುಕು ಬಿಟ್ಟಿತ್ತು. "ಕಾಳಿ ನದಿ ಸಮುದ್ರಕ್ಕೆ ಸೇರ್ತದಲ್ಲ, ಅಲ್ಲಿ ಗಾಳಿಮರ ಇದ್ದವು. ಈಗಲೂ ಉಂಟಾ? ನಾಲ್ಕು ವರ್ಷ ಆಯ್ತು ಹೋಗದೆ. ನನ್ನ ಮಗಳು ಇನ್ನೂ ಸಮುದ್ರವನ್ನೇ ನೋಡಲಿಲ್ಲ."

"ಅದಾವೆ," ಎಂದು ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು ನಾಗರತ್ನ. ಆದರೆ ಆ ಹುಡುಗಿ ಹಸಿದವಳ ಹಾಗೆ ನೋಡುತ್ತಿದ್ದಳು.

"ಒಂದೆರಡು ಬಿದ್ದಾವೆ, ಉಳಿದವು ಹಂಗೇ ಅದಾವೆ. ಶಾಲೆಗೆ ಹೋಗೋಕೆ ಮುಂಚೆ ದಿನಾ ಅಲ್ಲಿಗೇ ಹೋಗ್ತೀನಿ ನಾನು. ನೀರು ಇಳಿದಿರ್ತೈತೆ ನೋಡ್ರಿ, ಆವಾಗ ಏಡಿ ಮರಿಗಳು ಮರಳೆಲ್ಲ ಉಂಡೆ ಮಾಡಿ ಚುಕ್ಕಿ ಇಟ್ಟಿರ್ತಾವೆ. ತುಳಿಯೋಕೆ ಮನಸ್ಸು ಬರಲ್ಲ, ಸುತ್ತು ಹಾಕ್ಕೊಂಡು ಹೋಗ್ತೀನಿ. ಮಳೆಗಾಲದಾಗಂತೂ ಸದಾಶಿವಗಡದ ಗುಡ್ಡ ಮೊದಲು ಮಾಯ ಆಗ್ತೈತೆ, ಆಮೇಲೆ ಮಳೆ ನದಿ ದಾಟ್ಕೊಂಡು ನಮ್ಮ ಕಡೆ ಬರೋದು ಕಾಣ್ತೈತೆ. ಪಾಠ ನಿಲ್ಸಿ ಮಕ್ಕಳನ್ನ ಕಿಟಕಿಗೆ ಬಿಟ್ಟುಬಿಡ್ತೀನಿ. ಬಂತು ಬಂತು ಅಂತ ಕೂಗ್ತಾವೆ. ನಾನೂ ಕೂಗ್ತೀನಿ. ಒಂದೊಂದು ದಿನ ಅನ್ಸುತ್ತೆ, ಇಂಥ ಊರಾಗೆ ಇಟ್ಟು ಮೇಲೆ ಸಂಬಳಾನೂ ಕೊಡ್ತಾರಲ್ಲ, ನಾನೇನು ಪುಣ್ಯ ಮಾಡಿದ್ದೆ ಅಂತ."

ಮಾತು ಮುಗಿದ ಮೇಲೆ ಫ್ಯಾನಿನ ಸದ್ದು ಜೋರಾಗಿ ಕೇಳಿತು. ಸದಾ ಗಂಡನ ಮುಖವನ್ನು ಓರೆಗಣ್ಣಿನಲ್ಲಿ ಕಾಯುತ್ತಿದ್ದವಳು, ಅಷ್ಟು ಹೊತ್ತು ಅವನು ಪಕ್ಕದಲ್ಲಿದ್ದಾನೆ ಎಂಬುದನ್ನೇ ಮರೆತಿದ್ದಳು.

ವೀರೇಶ ಅರ್ಜಿಯನ್ನೇ ನೋಡುತ್ತಿದ್ದ. "ಬಟ್ಟೆ ಒಣಗಲ್ಲ ಅಂತಿದ್ದೆ," ಎಂದ.

"ಮಳೆಗಾಲದಾಗೆ ಒಣಗಲ್ಲ."

"ವರ್ಷಾ ವರ್ಷಾ ನಾನೇ ಬರ್ತೀನಿ ಅಂದೆ. ಬ್ಯಾಡ ಅಂದಿ."

ದೊಡ್ಡಪಾಲಯ್ಯ ಇಬ್ಬರನ್ನೂ ನೋಡಿ, "ಟೀ ಕುಡ್ಕಂಡು ಬರ್ತೀನಿ, ನಿಧಾನಕ್ಕೆ ಹಾಕ್ರಿ," ಎಂದು ಎದ್ದುಹೋದ.

ವೀರೇಶನೂ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆ ಕೊನೆಯ ಮೂಟೆ ಇಳಿಸಿದವನ ಆಯಾಸವಿತ್ತು, ಅಷ್ಟೇ. "ನಾನು ಹೊರಗಿರ್ತೀನಿ. ಹಾಕದಿದ್ರೂ ನಡೀತೈತೆ. ಅವ್ವಗೆ ನಾನು ಹೇಳ್ಕಂತೀನಿ."

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕಾ," ಐಶ್ವರ್ಯ ತಗ್ಗಿದ ದನಿಯಲ್ಲಿ ಕೇಳಿದಳು, "ನಿಮಗೆ ಮನಸ್ಸಿಲ್ಲವಾ? ಇಲ್ಲದಿದ್ರೆ ಹೇಳಿಬಿಡಿ. ನಾನು ಮುಂದಿನ ವರ್ಷ ಬೇರೆ ಯಾರನ್ನಾದ್ರೂ..." ಎಂದವಳು ಅಲ್ಲಿಗೇ ನಿಂತು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡತೊಡಗಿದಳು.

ನಾಗರತ್ನ ಅರ್ಜಿಯಲ್ಲಿ ತನ್ನ ಹೆಸರಿನ ಎದುರಿದ್ದ ಎರಡು ಖಾಲಿ ಜಾಗಗಳನ್ನು ನೋಡಿದಳು. ಒಲ್ಲೆ ಎನ್ನಬಹುದಿತ್ತು. ರಾತ್ರಿಯ ಬಸ್ಸು ಹಿಡಿದರೆ ಬೆಳಿಗ್ಗೆ ನೀರು ಇಳಿಯುವ ಹೊತ್ತಿಗೆ ಅಲ್ಲಿರಬಹುದಿತ್ತು. ವೀರೇಶ ತಡೆಯುತ್ತಿರಲಿಲ್ಲ, ಇನ್ನು ನಾನೇ ಬರ್ತೀನಿ ಎಂದು ಹೇಳುತ್ತಲೂ ಇರಲಿಲ್ಲ. ಹನ್ನೆರಡು ವರ್ಷ ಆ ಊರನ್ನು ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ಉಂಡಿದ್ದಳು. ಬಾಯಿ ಒರೆಸಿಕೊಂಡು ಬಂದು ಹಸಿವು ಎಂದಿದ್ದಳು.

"ಪೆನ್ನು ಕೊಡ್ರಿ," ಎಂದಳು.

ಮೇಲೊಂದು, ಕೆಳಗೊಂದು. ಐಶ್ವರ್ಯ ತನ್ನ ಸಹಿ ಹಾಕುವಾಗ ಅಳುತ್ತಿದ್ದಳು. "ದಿನಾ ಬೆಳಿಗ್ಗೆ ಫೋಟೋ ಕಳಿಸ್ತೇನೆ ಅಕ್ಕಾ. ಗಾಳಿಮರದ್ದು, ನೀರಿನದ್ದು, ಎಲ್ಲ."

"ಕಳಿಸಬ್ಯಾಡ್ರಿ," ಎಂದಳು ನಾಗರತ್ನ. ಒರಟಾಯಿತೇನೋ ಎಂದು ಅಳುಕಿ, "ಮಗಳನ್ನ ಕರ್ಕೊಂಡು ಹೋಗ್ರಿ," ಎಂದು ಸೇರಿಸಿದಳು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ನೆರಳಿಗೆ ಜಾಗವಿಲ್ಲದೆ ವೀರೇಶ ಬೈಕಿನ ಪಕ್ಕದಲ್ಲೇ ನಿಂತಿದ್ದ.

"ಹಾಕಿದ್ಯಾ?"

"ಹಾಕಿದೆ."

ಅವನು ಜೇಬಿನಿಂದ ಬೈಕಿನ ಕೀಲಿ ತೆಗೆದ. "ಸಾಮಾನು ತರಾಕೆ ಗಾಡಿಗೆ ಹೇಳ್ಬೇಕು ಹಂಗಾರೆ."

"ಅಷ್ಟೇನಿಲ್ಲ. ನಾನೊಬ್ಳೇ..." ನಾಲಿಗೆಯ ತುದಿಗೆ ಬಂದಿದ್ದನ್ನು ಅವಳು ನುಂಗಿಕೊಂಡಳು. "ನೀವೂ ಬರ್ರಿ. ನಾಲ್ಕು ದಿನ ರಜಾ ಹಾಕ್ರಿ."

"ಅಲ್ಲಿ ಮಳೆ ಅಲ್ವೇನು ಈಗ?"

ಕೇಳಿದ್ದೋ ಚುಚ್ಚಿದ್ದೋ, ಅವನ ಮುಖ ನೋಡಿದರೂ ತಿಳಿಯಲಿಲ್ಲ.

"ಮಳೇನೇ," ಎಂದಳು ನಾಗರತ್ನ. "ಜೋರು ಮಳೆ."

ವೀರೇಶ ತಲೆಯಾಡಿಸಿದ. ಬೈಕು ಬೆಳಗಿನಿಂದ ಬಿಸಿಲಲ್ಲೇ ನಿಂತಿತ್ತು. ಅವನು ಹಿಂದಿನ ಸೀಟನ್ನು ಅಂಗೈಯಲ್ಲಿ ಮುಟ್ಟಿ ನೋಡಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಎರಡು ಮಡಿಕೆ ಮಾಡಿ ಅದರ ಮೇಲೆ ಹಾಸಿದ.