ಹೆಸರು ಬದಲಾಯಿಸಲಾಗಿದೆ

ದರ್ಜಿ ಹೆಂಗಸು ಒಳಗೆ ಬಂದವಳೇ ನಮ್ಮ ವಾರ್ಷಿಕ ವರದಿಯನ್ನು ನನ್ನ ಮೇಜಿನ ಮೇಲೆ ಎಸೆದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು.

"ನನ್ನ ಮಗಳಿಗೆ ಮದುವೆ ಯಾವಾಗ ಮಾಡಿದ್ರಿ ಮೇಡಂ? ಹೆತ್ತವಳಿಗೆ ಒಂದು ಮಾತು ಹೇಳಬಾರದಿತ್ತಾ? ನಾನೂ ಬಂದು ಊಟ ಮಾಡಿ ಹೋಗ್ತಿದ್ದೆ."

ನಾನು ಮಕ್ಕಳ ಹಕ್ಕುಗಳ ಸಂಸ್ಥೆಯೊಂದರ ಸಂವಹನಾಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಮಕ್ಕಳು ಹೇಳಿದ್ದನ್ನು ಬರೆಯುವುದು, ಫೋಟೊ ತೆಗೆಯುವುದು, ವರದಿ ಅಚ್ಚು ಹಾಕಿಸುವುದು, ಪತ್ರಿಕೆಯವರು ಫೋನ್ ಮಾಡಿದರೆ ನಯವಾಗಿ ಮಾತಾಡುವುದು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ವರದಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

ತೆರೆದಿದ್ದದ್ದು ಹದಿನಾಲ್ಕನೆಯ ಪುಟ. ಹದಿಮೂರನೇ ವರ್ಷಕ್ಕೇ ಮದುವೆಯಾಗಿ, ಗಂಡನ ಮನೆಯಲ್ಲಿ ಏಳು ತಿಂಗಳು ಪೆಟ್ಟು ತಿಂದು, ಕೊನೆಗೆ ತಾನೇ ತಪ್ಪಿಸಿಕೊಂಡು ನಮ್ಮ ಸಹಾಯವಾಣಿಗೆ ಫೋನ್ ಮಾಡಿದ ಹುಡುಗಿಯ ಕಥೆ. ಮೂರು ಮಧ್ಯಾಹ್ನ ಅವಳ ಎದುರು ಕೂತು ಕೇಳಿ ಬರೆದವಳು ನಾನೇ. ಗುರುತು ಸಿಗಬಾರದೆಂದು ಅವಳ ಹೆಸರು ತೆಗೆದು ಬೇರೆ ಹೆಸರು ಇಟ್ಟಿದ್ದೆ. ಬೇರೆ ಹೆಸರು ಇಡುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿಯಿದೆ. ಹಿಂದಿನ ಟೈಪಿಸ್ಟು ಮಾಡಿಟ್ಟುಹೋದ ಇಪ್ಪತ್ತು ಹೆಸರುಗಳ ಪಟ್ಟಿ ನನ್ನ ಡ್ರಾಯರಿನ ಒಳಗೆ ಅಂಟಿಸಿದೆ. ಕಥೆಗೊಂದರಂತೆ ಮೇಲಿನಿಂದ ಕೆಳಗೆ ಇಳಿಯುತ್ತ ಹೋಗುವುದು, ಮುಗಿದರೆ ಮತ್ತೆ ಮೇಲಿನಿಂದ ಶುರು. ಈ ಸಲ ಒಂಬತ್ತನೆಯ ಹೆಸರಿನ ಸರದಿ. ಒಂದು ಅಕ್ಷರ ತಪ್ಪಬಾರದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದಿದ ನಾನು, ಆ ಹೆಸರಿನವಳು ಕಥೆ ಹೇಳಿದವಳ ತರಗತಿಯಲ್ಲೇ ಬೇರೊಬ್ಬಳಿದ್ದಾಳೆಯೇ ಎಂದು ನೋಡಲಿಲ್ಲ. ಇದ್ದಳು. ಈ ದರ್ಜಿಯ ಮಗಳು.

ಸಾಲದ್ದಕ್ಕೆ "ಮಾರುಕಟ್ಟೆ ಹಿಂದಿನ ಶಾಲೆಯಲ್ಲಿ ಎಂಟನೇ ತರಗತಿ" ಎಂದೂ ಬರೆದಿದ್ದೆ. ನಮ್ಮ ನಿರ್ದೇಶಕರಿಗೆ ಕಥೆಯಲ್ಲಿ ಜೀವ ಇರಬೇಕು, ಓದಿದವರ ಕರುಳು ಚುರ್ ಅನ್ನಬೇಕು. ವರದಿ ಬಿಡುಗಡೆ ಮಾಡಿದ್ದೂ ಅದೇ ಶಾಲೆಯ ಸಭಾಂಗಣದಲ್ಲಿ. ನೂರು ಪ್ರತಿ ಹಂಚಿ, ಒಬ್ಬ ಮೇಷ್ಟ್ರ ಕೈಲಿ ಆ ಪುಟವನ್ನೇ ಗಟ್ಟಿಯಾಗಿ ಓದಿಸಿದೆವು. ಚಪ್ಪಾಳೆ ಬೇರೆ!

"ಅವಳು ಶಾಲೆಗೆ ಹೋಗದೆ ಒಂಬತ್ತು ದಿನ ಆಯ್ತು." ಆಕೆಯ ದನಿ ಈಗ ಇಳಿದಿತ್ತು. "ನಿನ್ನ ಗಂಡ ಹೇಗಿದ್ದಾನೆ ಅಂತ ಕೇಳ್ತಾರಂತೆ. ಹೊಡೆದ ಗುರುತು ತೋರ್ಸು ಅಂತಾರಂತೆ. ಪಕ್ಕದ ಮನೆಯವಳು ನನ್ನನ್ನೇ ಕೇಳ್ತಾಳೆ, ಅಷ್ಟು ಸಣ್ಣ ಕೂಸನ್ನ ಕೊಡೋಕೆ ಮನಸ್ಸಾದ್ರೂ ಹೇಗೆ ಬಂತು ಅಂತ. ನಾವೇನ್ರೀ ಮಾಡಿದ್ವಿ ನಿಮಗೆ? ಬಂದು ತರಗತಿಯಲ್ಲಿ ಹೇಳಿ, ಇವಳಲ್ಲ ಅಂತ. ಅಷ್ಟು ಸಾಕು. ಮುಂದಿನ ವಾರ ಪರೀಕ್ಷೆ ಇದೆ."

"ಬರ್ತೀನಮ್ಮ" ಎಂದೆ. ಆಕೆ ಕೂರಲೂ ಇಲ್ಲ, ನೀರೂ ಮುಟ್ಟಲಿಲ್ಲ.

ನಿರ್ದೇಶಕರು ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು. "ಕೆಳಗೆ ಬರೆದಿದ್ದೀವಲ್ಲ, ಹೆಸರು ಬದಲಾಯಿಸಲಾಗಿದೆ ಅಂತ. ಜನಕ್ಕೆ ಓದೋಕೆ ಬರಲ್ವಾ?"

"ಇರುವೆ ಗಾತ್ರದ ಅಕ್ಷರ ಸಾರ್ ಅದು. ಮೇಷ್ಟ್ರು ಆ ಸಾಲು ಓದಲೇ ಇಲ್ಲ."

"ಅದು ಮೇಷ್ಟ್ರ ತಪ್ಪು."

ಅಲ್ಲಿಗೆ ಕೈ ತೊಳೆದುಕೊಂಡಾಯಿತು! ಆಮೇಲೆ ಹೇಳಿದರು, "ನೋಡಿ, ಇವಳಲ್ಲ ಅಂದ್ರೆ, ಹಾಗಾದ್ರೆ ಯಾರು ಅಂತ ಮಕ್ಕಳು ಕೇಳಲ್ವಾ? ಸಂಜೆ ಒಳಗೆ ಆ ಇನ್ನೊಬ್ಬಳನ್ನ ಹುಡುಕಿ ಹಾಕ್ತಾರೆ. ಅದು ಬೇಕಾ ನಿಮಗೆ?"

ಈ ಮಾತು ನಿಜವಾಗಿತ್ತು, ಅದಕ್ಕೇ ಸಿಟ್ಟು ಇನ್ನೂ ಏರಿತು. ನಿಜವಾದ ಹುಡುಗಿ ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಾಳೆ, ಒಂದು ವರ್ಷ ತಡವಾಗಿ ಸೇರಿದವಳು. ಅವಳ ಹಿಂದಿನದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ.

"ಒಂದು ಕೆಲಸ ಮಾಡೋಣ," ನಿರ್ದೇಶಕರ ಮುಖ ಅರಳಿತು. "ದರ್ಜಿ ಮಗಳಿಗೆ ನಾವೇ ಬೇರೆ ಶಾಲೆ ನೋಡೋಣ. ಆಮೇಲೆ ಅದನ್ನೂ ನೀವು ಒಂದು ಕಥೆ ಮಾಡಬಹುದು."

ಮೈಯೆಲ್ಲ ಉರಿದುಹೋಯಿತು. "ತಪ್ಪು ಮಾಡಿದ್ದು ನಾವು, ಶಾಲೆ ಬಿಡೋಳು ಅವಳಾ? ಇದೇ ಕೆಲಸ ಬೇರೆ ಯಾರಾದ್ರೂ ಮಾಡಿದ್ರೆ ನಾವು ಬ್ಯಾನರ್ ಹಿಡ್ಕೊಂಡು ಅವರ ಬಾಗಿಲಲ್ಲಿ ಕೂತಿರ್ತಿದ್ವಿ ಸಾರ್!"

"ಮೆಲ್ಲಗೆ ಮಾತಾಡಿ. ಹೊರಗೆ ದಾನಿಗಳು ಕೂತಿದ್ದಾರೆ."

ಥೂ! ನಾಚಿಕೆಯಾಗಬೇಕು ನಮ್ಮ ಜನ್ಮಕ್ಕೆ. ಬಾಗಿಲನ್ನು ದಾನಿಗಳಿಗೂ ಕೇಳಿಸುವ ಹಾಗೆ ಎಳೆದುಕೊಂಡು ಹೊರಬಿದ್ದೆ.

ಮನೆಗೆ ಬಂದು ಅಮ್ಮನಿಗೆ ಹೇಳಿಕೊಂಡೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಗಾಯ್ತು ನಿಮ್ಮದು," ಎಂದಳು. ಎರಡು ದಿಂಬಿನ ಚೀಲ ಮಡಚಿದ ಮೇಲೆ, "ಆ ಕಥೆನೇ ನಾನು ಕಟ್ಟಿದ್ದು, ಅಂಥ ಹುಡುಗಿನೇ ಇಲ್ಲ ಅಂದ್ಬಿಡು. ಎರಡೂ ಹುಡುಗೀರು ಬದುಕ್ಕೋತಾವೆ," ಎಂದಳು.

"ಸುಳ್ಳು ಹೇಳ್ಲಾ?"

"ಅಯ್ಯೋ ಹೋಗೇ! ಇಷ್ಟು ವರ್ಷ ಉಪ್ಪು ಖಾರ ಹಚ್ಚಿ ಬರೆದೋಳು, ಈಗ ದೊಡ್ಡ ಸತ್ಯವಂತೆ ಆಗ್ಬಿಟ್ಯಾ?"

ಅಮ್ಮನ ಬಾಯಿ ಹಾಗೇ. ಆದರೆ ದಾರಿ ಸರಿಯಾಗಿದೆ ಅನ್ನಿಸಿತು. ವರದಿಯಲ್ಲಿ ಕಥೆ ಕಟ್ಟಿದೆನೆಂದು ಒಪ್ಪಿಕೊಂಡ ಸಂವಹನಾಧಿಕಾರಿಯನ್ನು ಯಾವ ಸಂಸ್ಥೆಯೂ ಇಟ್ಟುಕೊಳ್ಳುವುದಿಲ್ಲ. ಹೋದರೆ ಹೋಗಲಿ ಕೆಲಸ. ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಮೊದಲ ಪೀರಿಯಡ್ಡಿಗೇ ಆ ತರಗತಿಯಲ್ಲಿದ್ದೆ. ಮೂರನೆಯ ಬೆಂಚಿನಲ್ಲಿ ದರ್ಜಿಯ ಮಗಳ ಜಾಗ ಖಾಲಿಯಿತ್ತು. ಪಕ್ಕದವಳು ಅಲ್ಲಿ ತನ್ನ ಚೀಲ ಇಟ್ಟುಕೊಂಡಿದ್ದಳು. ಕ್ಲಾಸ್ ಟೀಚರ್ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದರು. ನಾನು ಬಾಗಿಲ ಹತ್ತಿರವೇ ನಿಂತು ಮಾತು ಶುರು ಮಾಡಿದೆ.

"ಆವತ್ತು ಸಭಾಂಗಣದಲ್ಲಿ ಓದಿದ ಕಥೆ ನಿಮ್ಮ ಗೆಳತಿದಲ್ಲ. ಅದು ಯಾರದ್ದೂ ಅಲ್ಲ. ಅಂಥ ಹುಡುಗಿನೇ ಇಲ್ಲ. ನಾನೇ ಕಟ್ಟಿದ ಸುಳ್ಳು ಅದು. ತಪ್ಪಾಯ್ತು."

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಂದಿನ ಬೆಂಚಿನವನೊಬ್ಬ ಕೇಳಿದ, "ಎಲ್ಲಾ ಸುಳ್ಳಾ ಮೇಡಂ?"

"ಎಲ್ಲಾ."

"ಹೊಡೆದಿದ್ದೂ?"

"ಅದೂ."

"ಓಡಿ ಬಂದು ಫೋನ್ ಮಾಡಿದ್ದೂ?"

"ಅದೂ ಕಣಪ್ಪ. ಏನೂ ನಡೆದೇ ಇಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಹಗುರವಾಯಿತು. ಅಷ್ಟರಲ್ಲಿ ಹಿಂದೆ ಬೆಂಚೊಂದು ಕಿರ್ರೆಂದಿತು. ನಿಜವಾದ ಹುಡುಗಿ ಎದ್ದು ನಿಂತಿದ್ದಳು. ಬೇಡ, ಕೂರು ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ನೆಟ್ಟಗೆ ನನ್ನನ್ನೇ ನೋಡಿದಳು.

"ಸುಳ್ಳಲ್ಲ," ಎಂದಳು. "ಅದು ನಂದು."

"ಏಯ್, ಕೂತ್ಕೋ ನೀನು," ಎಂದರು ಟೀಚರ್.

ಅವಳು ಕೂರಲಿಲ್ಲ. "ಏಳು ತಿಂಗಳು ಪೆಟ್ಟು ತಿಂದಿದ್ದು ನಾನು. ಆ ಮನೆಯವರೂ ಎಲ್ಲರ ಹತ್ರ ಇದನ್ನೇ ಹೇಳ್ತಿದ್ರು, ಇವಳು ಕಥೆ ಕಟ್ತಾಳೆ, ಏನೂ ನಡೆದೇ ಇಲ್ಲ ಅಂತ. ಯಾರೂ ನಂಬ್ಲಿಲ್ಲ ಅಂತ ನಿಮ್ಮ ಹತ್ರ ಬಂದೆ. ನೀವು ನನ್ನ ಹೆಸರು ತೆಗೆದು ಅವಳ ಹೆಸರು ಹಾಕಿದ್ರಿ. ಈಗ ಬಂದು ನಾನೇ ಇಲ್ಲ ಅಂತೀರಿ. ಒಂದು ಸಲ, ಒಂದೇ ಒಂದು ಸಲ, ನನ್ನನ್ನ ಕೇಳಿದ್ರಾ ಅಕ್ಕ?"

ದರ್ಜಿಯ ಮಾತು ಕೇಳಿದ್ದೆ, ನಿರ್ದೇಶಕರ ಮಾತು ಕೇಳಿದ್ದೆ, ಅಮ್ಮನ ಮಾತು ಕೇಳಿ ಇಲ್ಲಿಗೆ ಬಂದಿದ್ದೆ. ಈ ಶಾಲೆ ನನ್ನ ಆಫೀಸಿನಿಂದ ಐದು ನಿಮಿಷದ ದಾರಿ. ನಿನ್ನೆಯಿಂದ ಊರ ಮೇಲೆಲ್ಲ ಕೆಂಡ ಕಾರಿದವಳಿಗೆ ಇವಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

"ಇಲ್ಲ," ಎಂದೆ. "ಕೇಳಲಿಲ್ಲ."

ನಗು ಯಾವಾಗಲೋ ನಿಂತುಹೋಗಿತ್ತು. ಅವಳು ತರಗತಿಯ ಕಡೆ ತಿರುಗಿದಳು. "ಕೇಳೋದೇನಿದ್ರೂ ನನ್ನನ್ನ ಕೇಳಿ. ಅವಳ ತಂಟೆಗೆ ಹೋಗ್ಬೇಡಿ." ಅವಳು ಬೆಂಚುಗಳ ನಡುವೆ ನಡೆದು ಮುಂದೆ ಬಂದಳು.

"ಎಲ್ಲಿಗೆ ಹೊರಟೆ?" ಎಂದರು ಟೀಚರ್.

"ಅವಳನ್ನ ಕರ್ಕೊಂಡು ಬರ್ತೀನಿ."

ಬಾಗಿಲಿಗೆ ಅಡ್ಡವಾಗಿ ನಿಂತಿದ್ದವಳು ನಾನು. ಪಕ್ಕಕ್ಕೆ ಸರಿದೆ.